ನೋಡು ಅಂತ ಬರೆದಿದ್ದೆ, ರೈಟ್ರು ನೋಡಿ ಅಂತ ಹೊಡೆದರು

ಕೊಡಗಿನ ನಾಪೋಕ್ಲು ಹತ್ತಿರ ನಮ್ಮ ಚಿಕ್ಕಪ್ಪನ ಕಾಫಿ ತೋಟ ಇದೆ. ತೋಟದ ಆಫೀಸು ಅಂದರೆ ಕಣದ ಪಕ್ಕದಲ್ಲಿರುವ ಹೆಂಚಿನ ಕೋಣೆ. ಒಳಗೆ ಒಂದು ಮೇಜು, ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕಗಳ ರಾಶಿ, ಗೋಡೆಯ ಮೇಲೆ ಮಳೆ ಲೆಕ್ಕದ ಚಾರ್ಟು, ವಿಂಡೋಸ್ 10 ಇರುವ ಒಂದು ಹಳೇ ಲ್ಯಾಪ್‌ಟಾಪ್. ಇಷ್ಟಕ್ಕೂ ಯಜಮಾನರು ನಮ್ಮ ರೈಟ್ರು. ತೋಟದ ಕಡೆಯವರಲ್ಲದವರಿಗೆ ಒಂದು ಮಾತು: ಇಲ್ಲಿ ರೈಟರ್ ಅಂದರೆ ಕಥೆ ಬರೆಯುವವರಲ್ಲ. ಆಳುಗಳ ಹಾಜರಿ, ವಾರದ ಬಟವಾಡೆ, ಗೊಬ್ಬರದ ಲೆಕ್ಕ, ಮಳೆ ಅಳತೆ ಎಲ್ಲ ಬರೆದಿಡುವವರು. ನಾನು ಚಡ್ಡಿ ಹಾಕಿಕೊಂಡು ಕಣದಲ್ಲಿ ಓಡಾಡುತ್ತಿದ್ದ ಕಾಲದಿಂದಲೂ ಅವರು ಅಲ್ಲೇ ಇದ್ದಾರೆ. ನನ್ನನ್ನು ಈಗಲೂ ತಮ್ಮಾ ಅಂತಾರೆ, ಆದರೆ ಮಾತಾಡುವುದು ಬಹುವಚನದಲ್ಲಿ. ಈ ಬಹುವಚನ ಮುಂದೆ ಕೆಲಸ ಕೆಡಿಸುತ್ತದೆ, ನೆನಪಿಟ್ಟುಕೊಳ್ಳಿ.

ನಾನಿರುವುದು ಕುಶಾಲನಗರದಲ್ಲಿ, ಕಂಪ್ಯೂಟರ್ ರಿಪೇರಿ ಕೆಲಸ. ಹೋದ ಮಳೆಗಾಲಕ್ಕೆ ಮುಂಚೆ ಚಿಕ್ಕಪ್ಪ ಫೋನ್ ಮಾಡಿ, ಆಫೀಸಿನ ಫೈಲುಗಳೆಲ್ಲ ದಿನಾ ಹೊರಗಿನ ಡಿಸ್ಕಿಗೆ ಹೋಗುವ ಹಾಗೆ ಏನಾದರೂ ಮಾಡು ಅಂದರು. ಜೂನ್ ಬಂತೆಂದರೆ ಅಲ್ಲಿ ಕರೆಂಟ್ ಯಾವಾಗ ಇರುತ್ತೆ, ಯಾವಾಗ ಇರಲ್ಲ ಹೇಳಕ್ಕಾಗಲ್ಲ. ನೆಟ್ ಕಥೆಯೂ ಅದೇ. ಹಾಗಾಗಿ ಆನ್‌ಲೈನ್ ಬ್ಯಾಕಪ್ ಮಾತೇ ಇಲ್ಲ. ಹೊಸದಾಗಿ ಏನನ್ನೂ ಇನ್‌ಸ್ಟಾಲ್ ಮಾಡುವ ಮನಸ್ಸೂ ನನಗಿರಲಿಲ್ಲ. ವಿಂಡೋಸ್ ಜೊತೆಗೇ ಬರುವ, ಫೋಲ್ಡರುಗಳನ್ನು ಕಾಪಿ ಮಾಡುವ ರೋಬೋಕಾಪಿ ಕಮಾಂಡ್ ಇದೆ, ನೋಟ್‌ಪ್ಯಾಡ್ ಇದೆ. ಒಂದು ಬ್ಯಾಚ್ ಫೈಲ್, ಅಂದರೆ ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟು ಒಟ್ಟಿಗೆ ಓಡಿಸುವ ಸ್ಕ್ರಿಪ್ಟು, ಸಾಕು ಅಂದುಕೊಂಡೆ.

ವಿಂಡೋಸಿನದೇ ಇನ್ನೊಂದು ಸ್ಕ್ರಿಪ್ಟು ಭಾಷೆಯಾದ ಪವರ್‌ಶೆಲ್ ಯಾಕೆ ಬೇಡ ಅಂತ ಕೇಳುವವರಿದ್ದಾರೆ. ಸ್ಕ್ರಿಪ್ಟಿನ ಹೆಸರಿನ ಮುಂದೆ ಹೊಡೆಯುವ ಆಯ್ಕೆಗಳನ್ನು ಓದಿಕೊಳ್ಳುವ ಕೆಲಸ ಅದರಲ್ಲಿ ತುಂಬ ಸಲೀಸು, ಒಪ್ಪುತ್ತೇನೆ. ಆದರೆ ಮನೆ ಬಳಕೆಯ ವಿಂಡೋಸ್‌ನಲ್ಲಿ ಪವರ್‌ಶೆಲ್ ಸ್ಕ್ರಿಪ್ಟ್ ಓಡಿಸಲು ಮೊದಲು ಅನುಮತಿ ಸಡಿಲ ಮಾಡಬೇಕು, ಡಬಲ್ ಕ್ಲಿಕ್ ಮಾಡಿದರೆ ನೋಟ್‌ಪ್ಯಾಡ್ ತೆರೆದುಕೊಳ್ಳುತ್ತದೆ. ಫೋನಿನಲ್ಲಿ ರೈಟ್ರಿಗೆ ಇದನ್ನೆಲ್ಲ ಹೇಳಿಕೊಡುವ ತಾಳ್ಮೆ ನನಗಿಲ್ಲ.

ಇನ್ನೊಂದು ವಿಷಯ. ಕೆಳಗೆ ಕಮಾಂಡುಗಳನ್ನೆಲ್ಲ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಓದಲು ಸುಲಭ ಅಂತ. ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು. ಗೋಟು ಅಂತ ಬರೆದರೆ ಅದು ಸ್ಕ್ರಿಪ್ಟಿನ ಇನ್ನೊಂದು ಜಾಗಕ್ಕೆ ಜಿಗಿಯುವ ಕಮಾಂಡು, ಗೋಟಡಿಕೆ ಅಲ್ಲ.

ಮೊದಲ ಅವತಾರ

ಮೊದಲನೆಯದು ಎರಡೇ ಸಾಲು. ಓಡುವ ಕಮಾಂಡುಗಳನ್ನು ಪರದೆಯ ಮೇಲೆ ತೋರಿಸಬೇಡ ಅನ್ನುವ ಎಕೋ ಆಫ್, ಆಮೇಲೆ ರೋಬೋಕಾಪಿ, ಮೂಲದ ಫೋಲ್ಡರ್, ಡಿಸ್ಕಿನ ಫೋಲ್ಡರ್, ಕೊನೆಯಲ್ಲಿ /ಎಂಐಆರ್. ಈ /ಎಂಐಆರ್ ಅಂದರೆ ಕನ್ನಡಿ. ಮೂಲದಲ್ಲಿ ಏನಿದೆಯೋ ಅದೇ ಅಲ್ಲಿಯೂ ಇರಬೇಕು; ಮೂಲದಲ್ಲಿ ಇಲ್ಲದ್ದು ಅಲ್ಲಿದ್ದರೆ ಅಳಿಸಿಹಾಕು. ಬರೆಯುವಾಗ ಇದು ಬಹಳ ಅಚ್ಚುಕಟ್ಟು ಅನ್ನಿಸಿತ್ತು.

ಒಂದು ಫೈಲ್ ಎಕ್ಸೆಲ್‌ನಲ್ಲಿ ತೆರೆದೇ ಇದ್ದಾಗ ಸ್ಕ್ರಿಪ್ಟು ನಿಂತುಬಿಟ್ಟಿತು. ಕಾರಣ ರೋಬೋಕಾಪಿಯ ಹಠ. ಒಂದು ಫೈಲ್ ಕಾಪಿ ಆಗದಿದ್ದರೆ ಅದು ತಾನಾಗಿ 10 ಲಕ್ಷ ಸಲ ಮತ್ತೆ ಪ್ರಯತ್ನಿಸುತ್ತದೆ, ಪ್ರತಿ ಸಲಕ್ಕೂ ನಡುವೆ 30 ಸೆಕೆಂಡ್ ಕಾಯುತ್ತದೆ. ಲೆಕ್ಕ ಹಾಕಿ ನೋಡಿದೆ, ಸುಮಾರು 347 ದಿನ. ಈ ಮಳೆಗಾಲ ಶುರುವಾದರೆ ಮುಂದಿನ ಬೇಸಿಗೆಯಲ್ಲಿ ಕಾಫಿ ಹೂ ಬಿಡಿಸುವ ಹೂಮಳೆ ಕಳೆದರೂ ಮುಗಿಯಲ್ಲ. /ಆರ್:2 /ಡಬ್ಲ್ಯೂ:5 ಅಂತ ಸೇರಿಸಿದೆ. ಎರಡು ಸಲ ನೋಡು, ಐದು ಸೆಕೆಂಡ್ ಕಾಯಿ, ಆಮೇಲೆ ಮುಂದೆ ಹೋಗು.

ಆಮೇಲೆ ಬೇಡಿಕೆಗಳು ಬಂದವು. ಒಂದು ವರ್ಷದ ಫೈಲು ಮಾತ್ರ ಬೇಕು. ಡಿಸ್ಕ್ ಬದಲು ಪೆನ್‌ಡ್ರೈವಿಗೆ ಬೇಕು. ಕಾಪಿ ಮಾಡುವ ಮೊದಲು ಏನೇನು ಹೋಗುತ್ತೆ ಅಂತ ಬರೀ ನೋಡಬೇಕು. ಮೊದಲು %1 ವರ್ಷ, %2 ಜಾಗ ಅಂತ ಇಟ್ಟೆ. ಬ್ಯಾಚ್ ಫೈಲಿನ ಹೆಸರಿನ ಮುಂದೆ ಏನು ಹೊಡೆದರೂ ಅದು ಸಾಲಾಗಿ %1, %2 ಅಂತ ಒಳಗೆ ಸಿಗುತ್ತದೆ, %9 ತನಕ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ರೈಟ್ರಿಗೆ ನೆನಪಿರಲಿಲ್ಲ. ನಿಜ ಹೇಳಬೇಕೆಂದರೆ ಒಂದು ವಾರ ಕಳೆದ ಮೇಲೆ ನನಗೂ ನೆನಪಿರಲಿಲ್ಲ. ಹೆಸರಿರುವ ಆಯ್ಕೆಗಳೇ ಬೇಕು ಅಂತ ತೀರ್ಮಾನಿಸಿದೆ: /ವರ್ಷ, /ಎಲ್ಲಿ, /ನೋಡು. ಇಂಗ್ಲಿಷ್ ಹೆಸರು ಬೇಡ, ಕನ್ನಡ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ನೆನಪಿರುತ್ತೆ ಅಂತ ನನ್ನ ಬುದ್ಧಿವಂತಿಕೆ.

ಆಯ್ಕೆ ಓದುವ ಸುತ್ತು ಹೀಗಿತ್ತು:

:ಓದು
ಇಫ್ "%~1"=="" ಗೋಟು ಕೆಲಸ
ಇಫ್ "%~1"=="/ನೋಡು" ಸೆಟ್ ಬರೀನೋಟ=/ಎಲ್
ಇಫ್ "%~1"=="/ವರ್ಷ" ಸೆಟ್ ವರ್ಷ=%~2 & ಶಿಫ್ಟ್
ಶಿಫ್ಟ್
ಗೋಟು ಓದು

ಓದಲು ಕಷ್ಟವೇನಿಲ್ಲ. ಮುಂದಿರುವ ಮಾತನ್ನು ನೋಡು. ಏನೂ ಇಲ್ಲದಿದ್ದರೆ ಕೆಲಸಕ್ಕೆ ಹೋಗು. ಗೊತ್ತಿರುವ ಮಾತಾದರೆ ಗುರುತು ಹಾಕಿಕೋ. ಶಿಫ್ಟ್ ಅಂದರೆ ಸಾಲು ಒಂದು ಹೆಜ್ಜೆ ಮುಂದೆ ಸರಿಯುತ್ತದೆ. %2 ಇದ್ದದ್ದು %1 ಆಗುತ್ತದೆ. ನ್ಯಾಯಬೆಲೆ ಅಂಗಡಿ ಕ್ಯೂ ಥರ. %~1 ರಲ್ಲಿರುವ ಆ ಅಲೆ ಗುರುತು, ಹೊಡೆದವರು ಉದ್ಧರಣ ಚಿಹ್ನೆ ಹಾಕಿದ್ದರೆ ಅದನ್ನು ತೆಗೆದುಹಾಕುತ್ತದೆ. /ಎಲ್ ಅನ್ನುವುದು ರೋಬೋಕಾಪಿಯದೇ ಆಯ್ಕೆ, ಏನನ್ನೂ ಮುಟ್ಟದೆ ಪಟ್ಟಿ ಮಾತ್ರ ತೋರಿಸುತ್ತದೆ.

ಈ ಆರು ಸಾಲಿನಲ್ಲಿ ನಾಲ್ಕೈದು ತಪ್ಪಿವೆ. ಎಲ್ಲಕ್ಕಿಂತ ದೊಡ್ಡದು ನನಗೆ ಆಗ ತಪ್ಪು ಅಂತಲೇ ಅನ್ನಿಸಿರಲಿಲ್ಲ.

ಆ ಶನಿವಾರ

ಜೂನ್ ಕೊನೆ. ಲ್ಯಾಪ್‌ಟಾಪಿನಲ್ಲಿ ಜಾಗ ಇಲ್ಲ ಅಂತ ಬರುತ್ತಿದೆ ಅಂತ ರೈಟ್ರ ಫೋನು. ಹಿಂದಿನ ವರ್ಷದ ಚೆಕ್‌ರೋಲ್ ಫೋಲ್ಡರನ್ನು ಅಳಿಸಿದ್ದೇನೆ, ಹೇಗೂ ಡಿಸ್ಕಿನಲ್ಲಿ ಇದೆಯಲ್ಲ ಅಂದರು. ನನಗೆ ಎದೆ ಧಸಕ್ ಅಂದಿತು. ಈಗ ಬ್ಯಾಕಪ್ ಓಡಿಸಿದರೆ ಕನ್ನಡಿ ತನ್ನ ಕೆಲಸ ಮಾಡುತ್ತದೆ, ಡಿಸ್ಕಿನಲ್ಲಿರುವುದೂ ಹೋಗುತ್ತದೆ. "ರೈಟ್ರೇ, ಸುಮ್ನೆ ಓಡಿಸಬೇಡಿ. ಮೊದಲು ನೋಡು ಅಂತ ಹಾಕಿ. ಏನು ಅಳಿಸುತ್ತೆ ಅಂತ ಪಟ್ಟಿ ಬರುತ್ತೆ. ನನಗೆ ಓದಿ ಹೇಳಿ" ಅಂದೆ.

ಐದು ನಿಮಿಷ ಬಿಟ್ಟು ಮತ್ತೆ ಫೋನು. "ತಮ್ಮಾ, ಪಟ್ಟಿ ಬಂತು. ಆದರೆ ಹೋದ ವರ್ಷದ್ದು ಡಿಸ್ಕಿನಲ್ಲೂ ಕಾಣ್ತಾ ಇಲ್ಲವಲ್ಲ."

"ನೋಡು ಅಂತ ಹಾಕಿದ್ರಾ?"

"ಹಾಕದೆ ಇರ್ತೀನಾ? ನೋಡಿ ಅಂತ ಸರಿಯಾಗೇ ಹೊಡೆದೆ."

ನೋಡಿ. ಕಂಪ್ಯೂಟರಿಗೂ ಅವರು ಏಕವಚನದಲ್ಲಿ ಮಾತಾಡಲ್ಲ.

ನನ್ನ ಸುತ್ತಿಗೆ /ನೋಡಿ ಅನ್ನುವ ಮಾತು ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಏನು ಮಾಡಬೇಕು ಅಂತ ನಾನು ಹೇಳಿರಲಿಲ್ಲ. ಅದು ಸುಮ್ಮನೆ ಶಿಫ್ಟ್ ಮಾಡಿ, ಕೇಳಿಸಲೇ ಇಲ್ಲ ಅನ್ನುವ ಹಾಗೆ ಮುಂದೆ ಹೋಯಿತು. ಬರೀನೋಟ ಖಾಲಿ, /ಎಂಐಆರ್ ಜೋರಾಗಿ ಓಡಿತು. ರೋಬೋಕಾಪಿ ಅಳಿಸಿದ್ದು ರೀಸೈಕಲ್ ಬಿನ್ನಿಗೆ ಹೋಗುವುದಿಲ್ಲ. ಹೋಯಿತೆಂದರೆ ಹೋಯಿತು.

ನಮ್ಮ ಪುಣ್ಯಕ್ಕೆ ರೈಟ್ರು ಲ್ಯಾಪ್‌ಟಾಪಿನಲ್ಲಿ ಅಳಿಸಿದ್ದು ಬರೀ ಡಿಲೀಟ್ ಕೀ ಒತ್ತಿ. ಅಲ್ಲಿಯ ಫೋಲ್ಡರು ರೀಸೈಕಲ್ ಬಿನ್ನಿನಲ್ಲಿ ಹಾಗೇ ಕೂತಿತ್ತು. ಅಂದರೆ ಜಾಗ ಮಾಡಲು ಅಳಿಸಿದರು, ಜಾಗ ಆಗಿರಲೇ ಇಲ್ಲ. ಅದರಿಂದ ಒಂದು ವರ್ಷದ ಹಾಜರಿ ಉಳಿಯಿತು. ಭಾನುವಾರ ನಾನೇ ಬಸ್ ಹತ್ತಿದೆ. ಮಡಿಕೇರಿಯಿಂದ ಮುಂದೆ ಮಂಜು ಎಷ್ಟಿತ್ತೆಂದರೆ ಡ್ರೈವರ್ ಬೆಳಗ್ಗೆ 11 ಗಂಟೆಗೂ ಲೈಟ್ ಹಾಕಿಕೊಂಡೇ ಬಂದ.

ಬಿಚ್ಚಿ ಕಟ್ಟಿದ್ದು

ಮೊದಲು ಮಾಡಿದ ಕೆಲಸ, ರೋಬೋಕಾಪಿ ಸಾಲಿನ ಮುಂದೆ ಎಕೋ ಹಾಕಿದ್ದು. ಆಗ ಸ್ಕ್ರಿಪ್ಟು ಕಾಪಿ ಮಾಡುವುದಿಲ್ಲ. ಯಾವ ಕಮಾಂಡ್ ಓಡಿಸುತ್ತಿತ್ತೋ ಅದನ್ನು ಪರದೆಯ ಮೇಲೆ ಬರೆದು ತೋರಿಸುತ್ತದೆ. ಶನಿವಾರಕ್ಕೆ ಮುಂಚೆಯೇ ಇದನ್ನು ಮಾಡಬೇಕಿತ್ತು. ಇನ್ನು ಪೂರ್ತಿ ದಿನ ಏನು ಹೊಡೆದರೂ ಅಪಾಯ ಇಲ್ಲ.

ಎರಡನೆಯದು, ಗೊತ್ತಿಲ್ಲದ ಮಾತು ಬಂದರೆ ನಿಲ್ಲು. ಸುತ್ತಿನ ಕೊನೆಯಲ್ಲಿದ್ದ ಶಿಫ್ಟ್ ತೆಗೆದೆ. ಅಲ್ಲಿ ಗೋಟು ತಪ್ಪು ಅಂತ ಹಾಕಿದೆ. ತಪ್ಪು ಅನ್ನುವ ಕಡೆ, ಯಾವ ಮಾತು ಅರ್ಥ ಆಗಲಿಲ್ಲ ಅಂತ ತೋರಿಸಿ, ಗೊತ್ತಿರುವ ಆಯ್ಕೆಗಳ ಪಟ್ಟಿ ಕೊಟ್ಟು, ಎಕ್ಸಿಟ್ /ಬಿ 2 ಅಂತ ಹೊರಗೆ. ಈ /ಬಿ ಮುಖ್ಯ. ಇಲ್ಲದಿದ್ದರೆ ಕಮಾಂಡ್ ಹೊಡೆಯುವ ಕಪ್ಪು ಕಿಟಕಿಯೇ ಮುಚ್ಚಿಹೋಗುತ್ತದೆ, ಏನು ತಪ್ಪಾಯಿತು ಅಂತ ಓದಲೂ ಆಗಲ್ಲ.

ಮೂರನೆಯದಾಗಿ ಎರಡೂ ವಚನಕ್ಕೆ ಜಾಗ ಮಾಡಿದೆ. /ನೋಡು ಆದರೂ ಸರಿ, /ನೋಡಿ ಆದರೂ ಸರಿ. ವರ್ಷಕ್ಕೆ ಅವರು ವರುಷ ಅಂತ ಹೊಡೆಯುತ್ತಾರೆ ಅಂತ ಅಲ್ಲೇ ಕೂತು ನೋಡಿದ ಮೇಲೆ ಗೊತ್ತಾಯಿತು, ಅದನ್ನೂ ಸೇರಿಸಿದೆ. ಕನ್ನಡ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದಕ್ಕೆ ಒಂದು ಕ್ರಮ ಅಂತ ಇಲ್ಲವಲ್ಲ. ಇಫ್ ನಂತರ /ಐ ಹಾಕಿದರೆ ದೊಡ್ಡಕ್ಷರ ಚಿಕ್ಕಕ್ಷರದ ಗೊಡವೆ ತಪ್ಪುತ್ತದೆ. ಅವರ ಕ್ಯಾಪ್ಸ್ ಲಾಕ್ ಯಾವಾಗಲೂ ಆನ್ ಇರುತ್ತದೆ ಅಂತ ಆವತ್ತೇ ಕಂಡದ್ದು.

ಈಗಿನ ರೂಪ:

:ಓದು
ಇಫ್ "%~1"=="" ಗೋಟು ಕೆಲಸ
ಇಫ್ /ಐ "%~1"=="/ನೋಡು" ಗೋಟು ನೋಟ
ಇಫ್ /ಐ "%~1"=="/ನೋಡಿ" ಗೋಟು ನೋಟ
ಇಫ್ /ಐ "%~1"=="/ವರ್ಷ" ಗೋಟು ವರ್ಷದ
ಇಫ್ /ಐ "%~1"=="/ವರುಷ" ಗೋಟು ವರ್ಷದ
ಗೋಟು ತಪ್ಪು

:ನೋಟ
ಸೆಟ್ "ಬರೀನೋಟ=/ಎಲ್"
ಶಿಫ್ಟ್ /1
ಗೋಟು ಓದು

:ವರ್ಷದ
ಸೆಟ್ "ವರ್ಷ=%~2"
ಇಫ್ ನಾಟ್ ಡಿಫೈನ್ಡ್ ವರ್ಷ ಗೋಟು ತಪ್ಪು
ಇಫ್ "%ವರ್ಷ:~0,1%"=="/" ಗೋಟು ತಪ್ಪು
ಶಿಫ್ಟ್ /1
ಶಿಫ್ಟ್ /1
ಗೋಟು ಓದು

/ಎಲ್ಲಿ ಕೂಡ ವರ್ಷದ ಥರವೇ, ಮತ್ತೆ ಬರೆಯುವುದಿಲ್ಲ.

ಪ್ರತಿ ಆಯ್ಕೆಗೂ ಬೇರೆ ಬೇರೆ ಲೇಬಲ್ (ಗೋಟು ಜಿಗಿಯುವ ಜಾಗದ ಹೆಸರು) ಯಾಕೆ, ಕಂಸದೊಳಗೆ ನಾಲ್ಕು ಸಾಲು ಬರೆದರೆ ಆಗಲ್ವಾ ಅನ್ನಿಸಬಹುದು. ನಾನೂ ಮೊದಲು ಹಾಗೇ ಬರೆದೆ. ಅರ್ಧ ಮಧ್ಯಾಹ್ನ ಅದರಲ್ಲೇ ಹೋಯಿತು. ಬ್ಯಾಚ್‌ನ ಒಂದು ಗುಣ ಇದೆ: ಕಂಸ ಶುರುವಾದ ಜಾಗದಿಂದ ಮುಗಿಯುವ ಜಾಗದವರೆಗೆ ಇರುವುದನ್ನೆಲ್ಲ ಒಂದೇ ಉಸಿರಿಗೆ ಓದಿಬಿಡುತ್ತದೆ. ಓದುವಾಗಲೇ ಶೇಕಡಾ ಗುರುತಿನ ಒಳಗಿರುವ ಹೆಸರುಗಳ ಜಾಗಕ್ಕೆ ಆ ಹೊತ್ತಿನ ಬೆಲೆ ತುಂಬಿಬಿಡುತ್ತದೆ. ಆಮೇಲೆ ಓಡಿಸುವುದು. ಹಾಗಾಗಿ ಕಂಸದೊಳಗೆ ಮೊದಲ ಸಾಲಿನಲ್ಲಿ ವರ್ಷಕ್ಕೆ 2023 ಅಂತ ಕೊಟ್ಟು, ಎರಡನೇ ಸಾಲಿನಲ್ಲಿ %ವರ್ಷ% ಏನು ಅಂತ ಕೇಳಿದರೆ ಹಳೆಯದೇ ಸಿಗುತ್ತದೆ. ಬಟವಾಡೆಯ ದಿನ ಬೆಳಗ್ಗೆಯೇ ಪಟ್ಟಿ ಬರೆದಿಟ್ಟು, ಮಧ್ಯಾಹ್ನ ಬಂದ ಆಳಿನ ಹೆಸರು ಅದರಲ್ಲಿ ಹುಡುಕಿದ ಹಾಗೆ. ಒಳಗೆ ಶಿಫ್ಟ್ ಮಾಡಿದರೂ ಅಷ್ಟೇ, ಆ ಕಂಸ ಮುಗಿಯುವ ತನಕ %1 ಹಳೆಯದೇ.

ಇದಕ್ಕೆ ಡಿಲೇಡ್ ಎಕ್ಸ್‌ಪಾನ್ಷನ್ ಅಂತ ಒಂದು ಮದ್ದಿದೆ. ಅದನ್ನು ಆನ್ ಮಾಡಿ, ಶೇಕಡಾ ಬದಲು ಆಶ್ಚರ್ಯಸೂಚಕ ಹಾಕಿದರೆ ಆಯಾ ಸಾಲು ಓಡುವಾಗಿನ ಬೆಲೆ ಸಿಗುತ್ತದೆ. ಆದರೆ ಫೈಲಿನ ಹೆಸರಿನಲ್ಲೇ ಆಶ್ಚರ್ಯಸೂಚಕ ಇದ್ದರೆ ಅದು ಮಾಯ. ನಮ್ಮ ಚಿಕ್ಕಪ್ಪ ಫೋಲ್ಡರಿಗೆ "ಅರ್ಜೆಂಟ್!!" ಅಂತ ಹೆಸರಿಡುವ ಮನುಷ್ಯ. ಆ ಮದ್ದು ನಮಗೆ ಆಗಿಬರಲ್ಲ. ಲೇಬಲ್ಲುಗಳೇ ವಾಸಿ. ನೋಡಲು ಉದ್ದ, ಆದರೆ ಪ್ರತಿ ಸಾಲನ್ನೂ ಅದರ ಸರದಿ ಬಂದಾಗಲೇ ಓದುತ್ತದೆ.

ವರ್ಷದ ಲೇಬಲ್ಲಿನಲ್ಲಿ ಎರಡು ಕಾವಲು ಸಾಲಿವೆ. ಬೆಲೆಯೇ ಹೊಡೆಯದೆ /ವರ್ಷ ಅಂತ ನಿಲ್ಲಿಸಿದರೆ ಮೊದಲನೆಯದು ಹಿಡಿಯುತ್ತದೆ. ಎರಡನೆಯದು ಹೆಚ್ಚು ಮುಖ್ಯ. /ವರ್ಷ /ನೋಡಿ ಅಂತ ಹೊಡೆದು ನಡುವೆ ಇಸವಿ ಮರೆತರೆ ಏನಾಗುತ್ತೆ? /ನೋಡಿ ಅನ್ನುವುದೇ ವರ್ಷ ಆಗಿಬಿಡುತ್ತದೆ, ನೋಡುವ ಗುರುತು ನುಂಗಿಹೋಗುತ್ತದೆ. ಮತ್ತೆ ಅದೇ ಶನಿವಾರ. ಅದಕ್ಕೇ ಬೆಲೆಯ ಮೊದಲ ಅಕ್ಷರ ಓರೆಗೆರೆಯಾದರೆ ನಿಲ್ಲು. ಈ ಎರಡು ಸಾಲುಗಳನ್ನು ಹಿಂದುಮುಂದು ಮಾಡಬಾರದು. ವರ್ಷ ಖಾಲಿ ಇದ್ದಾಗ ಮೊದಲ ಅಕ್ಷರ ಕೇಳಿದರೆ ಬ್ಯಾಚ್ ಖಾಲಿ ಕೊಡುವುದಿಲ್ಲ, ~0,1 ಅನ್ನುವ ತುಂಡನ್ನೇ ಕೈಗಿಡುತ್ತದೆ. ಅದು ಓರೆಗೆರೆ ಅಲ್ಲವಲ್ಲ, ಪಾಸಾಗಿ ಹೋಗುತ್ತದೆ.

ಸೆಟ್ ಸಾಲಿನ ಉದ್ಧರಣ ಚಿಹ್ನೆ ಕೂಡ ಶೋಕಿಗೆ ಅಲ್ಲ. ಹಳೆಯದರಲ್ಲಿ ಸೆಟ್ ವರ್ಷ=%~2 & ಶಿಫ್ಟ್ ಅಂತಿತ್ತು. ಎರಡು ಕಮಾಂಡುಗಳನ್ನು ಒಂದೇ ಸಾಲಿನಲ್ಲಿ ಜೋಡಿಸುವ ಆ & ಗುರುತಿಗೆ ಮುಂಚೆ ಇರುವ ಖಾಲಿ ಜಾಗವೂ ಬೆಲೆಯೊಳಗೆ ಸೇರಿಕೊಳ್ಳುತ್ತದೆ. ವರ್ಷ 2023 ಅಲ್ಲ, 2023 ಮತ್ತು ಒಂದು ಖಾಲಿ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಹೋಲಿಸಿದರೆ ಮಾತ್ರ ಒಂದಲ್ಲ ಅನ್ನುತ್ತದೆ. ಇದನ್ನು ಹಿಡಿಯಲು ಬೆಲೆಯ ಎರಡೂ ಪಕ್ಕ ಚೌಕ ಕಂಸ ಇಟ್ಟು ಎಕೋ ಮಾಡಬೇಕು: [%ವರ್ಷ%]. ಆಗ ಖಾಲಿ ಜಾಗ ಕಣ್ಣಿಗೆ ಬೀಳುತ್ತದೆ.

ಶಿಫ್ಟಿನ ಮುಂದಿರುವ /1 ಕಥೆ ಬೇರೆ. ಏನೇನು ನಡೆಯಿತು ಅಂತ ಬರೆದಿಡುವ ಲಾಗ್ ಫೈಲು ಸ್ಕ್ರಿಪ್ಟ್ ಇರುವ ಫೋಲ್ಡರಿನಲ್ಲೇ ಇರಲಿ ಅಂತ %~ಡಿಪಿ0 ಬಳಸಿದ್ದೆ. %0 ಅಂದರೆ ಸ್ಕ್ರಿಪ್ಟಿನದೇ ಹೆಸರು. ಅದರಿಂದ ಡ್ರೈವ್ ಮತ್ತು ದಾರಿ ಮಾತ್ರ ತೆಗೆದುಕೊಡು ಅಂತ ಇದರ ಅರ್ಥ. ಆಯ್ಕೆ ಇಲ್ಲದೆ ಓಡಿಸಿದರೆ ಲಾಗ್ ಸರಿಯಾಗಿ ಬರುತ್ತಿತ್ತು. /ನೋಡು ಹಾಕಿದರೆ ಮಾತ್ರ "ಆಕ್ಸೆಸ್ ಈಸ್ ಡಿನೈಡ್". ತಲೆ ಕೆರೆದುಕೊಂಡೆ. ರೈಟ್ರು ಎರಡು ಲೋಟ ಕಾಫಿ ತರಿಸಿದರು. ಆಮೇಲೆ ಹೊಳೆಯಿತು: ಬರೀ ಶಿಫ್ಟ್ ಅಂದರೆ %0 ಕೂಡ ಸರಿಯುತ್ತದೆ! ಒಂದು ಶಿಫ್ಟ್ ಆದ ಮೇಲೆ %0 ಜಾಗದಲ್ಲಿ /ನೋಡು ಕೂತಿದೆ. ಅದನ್ನು ದಾರಿ ಅಂತ ತಿಳಿದುಕೊಂಡರೆ ಸಿ ಡ್ರೈವಿನ ಬುಡ. ಅಲ್ಲಿ ಫೈಲ್ ಬರೆಯಲು ಸಾಮಾನ್ಯ ಬಳಕೆದಾರರಿಗೆ ಅನುಮತಿ ಇಲ್ಲ. ಶಿಫ್ಟ್ /1 ಅಂದರೆ ಒಂದನೆಯದರಿಂದ ಮುಂದಕ್ಕೆ ಮಾತ್ರ ಸರಿಸು, %0 ಮುಟ್ಟಬೇಡ ಅಂತ. ಮುಂಜಾಗ್ರತೆಗೆ ಸ್ಕ್ರಿಪ್ಟಿನ ಮೊದಲಲ್ಲೇ ಆ ದಾರಿಯನ್ನು ಒಂದು ಹೆಸರಿನಲ್ಲಿ ತೆಗೆದಿಟ್ಟುಕೊಂಡೂ ಬಿಟ್ಟೆ.

ಸಣ್ಣಪುಟ್ಟದ್ದು ಇನ್ನೂ ಇದ್ದವು. ಸೆಟ್‌ಲೋಕಲ್ ಹಾಕಿರಲಿಲ್ಲ. ಅದಿಲ್ಲದಿದ್ದರೆ ಸ್ಕ್ರಿಪ್ಟು ಮುಗಿದ ಮೇಲೂ ಅದರ ಗುರುತುಗಳು ಕಪ್ಪು ಕಿಟಕಿಯಲ್ಲಿ ಉಳಿಯುತ್ತವೆ. ಬೆಳಗ್ಗೆ ನೋಡು ಅಂತ ಓಡಿಸಿ, ಅದೇ ಕಿಟಕಿಯಲ್ಲಿ ಸಂಜೆ ಸುಮ್ನೆ ಓಡಿಸಿದರೆ ಸಂಜೆಯೂ ಬರೀ ನೋಟವೇ, ಕಾಪಿ ಇಲ್ಲ. ಶನಿವಾರದ್ದರ ಉಲ್ಟಾ. ಅಳಿಸಲ್ಲ ಅಂತ ಸಮಾಧಾನ, ಆದರೆ ಬ್ಯಾಕಪ್ ಆಗಿದೆ ಅಂತ ನಂಬಿಕೊಂಡು ಕೂತಿರುತ್ತೇವೆ. ಮೊದಲ ಸಾಲಿನಲ್ಲೇ ಸೆಟ್‌ಲೋಕಲ್, ಅದರ ಕೆಳಗೆ ಬರೀನೋಟ, ವರ್ಷ ಎರಡನ್ನೂ ಖಾಲಿ ಮಾಡಿದೆ.

ಕಮಾಂಡ್ ಮುಗಿದಾಗ ಫಲಿತಾಂಶ ಹೇಳುವ ಒಂದು ಸಂಖ್ಯೆ ಬಿಟ್ಟುಹೋಗುತ್ತದೆ, ಅದೇ ಎರರ್‌ಲೆವೆಲ್. ರೋಬೋಕಾಪಿ ಮುಗಿದ ಮೇಲೆ ಇಫ್ ಎರರ್‌ಲೆವೆಲ್ 1 ಅಂತ ನೋಡಿ "ಕೆಟ್ಟಿದೆ" ಅಂತ ಬರೆಸುತ್ತಿದ್ದೆ. ಬೇರೆ ಕಮಾಂಡುಗಳಿಗೆ ಸರಿ. ರೋಬೋಕಾಪಿಗೆ 1 ಅಂದರೆ ಫೈಲು ಚೆನ್ನಾಗಿ ಕಾಪಿ ಆಯಿತು ಅಂತ. 8 ಮತ್ತು ಮೇಲಿನದು ಮಾತ್ರ ತೊಂದರೆ. ಚೆನ್ನಾಗಿ ಆದ ದಿನವೆಲ್ಲ ಕೆಟ್ಟಿದೆ ಅಂತ ಓದಿ ಓದಿ ರೈಟ್ರು ಆ ಸಾಲನ್ನು ನೋಡುವುದನ್ನೇ ಬಿಟ್ಟಿದ್ದರು.

ಪೆನ್‌ಡ್ರೈವಿನ ಹೆಸರು "ಇ:\" ಅಂತ ಹಿಂದಿನ ಓರೆಗೆರೆಯಲ್ಲಿ ಮುಗಿದರೆ, ಅದು ಪಕ್ಕದ ಉದ್ಧರಣ ಚಿಹ್ನೆಯನ್ನು ನುಂಗಿ ರೋಬೋಕಾಪಿಗೆ ದಾರಿ ಕಲಸುಮೇಲೋಗರ ಆಗುತ್ತದೆ. ಕೊನೆಯಲ್ಲಿ ಒಂದು ಚುಕ್ಕಿ ಸೇರಿಸಿ "ಇ:\." ಮಾಡಿದರೆ ಆಯಿತು. "ಕಾಫಿ,ಮೆಣಸು" ಅನ್ನುವ ಫೋಲ್ಡರ್ ಚಿಹ್ನೆ ಇಲ್ಲದೆ ಹೊಡೆದರೆ ಎರಡು ಮಾತಾಗಿ ಒಡೆಯುತ್ತದೆ, ಯಾಕೆಂದರೆ ಬ್ಯಾಚ್‌ಗೆ ಖಾಲಿ ಜಾಗದ ಹಾಗೆ ಅಲ್ಪವಿರಾಮ, ಅರ್ಧವಿರಾಮ, ಸಮ ಗುರುತು ಎಲ್ಲವೂ ಬೇಲಿಯೇ. ಇದರಿಂದ ಒಂದು ಲಾಭವೂ ಆಯಿತು: /ವರ್ಷ=2023 ಅಂತ ಹೊಡೆದರೂ ಅದು /ವರ್ಷ ಮತ್ತು 2023 ಅಂತ ಎರಡಾಗಿ ಬಂದು ಸರಿಯಾಗಿಯೇ ಕೆಲಸ ಮಾಡುತ್ತದೆ. ನಾನೇನೂ ಮಾಡಿದ್ದಲ್ಲ, ಪುಕ್ಕಟೆ.

ಸಂದೇಶಗಳನ್ನು ಕನ್ನಡ ಲಿಪಿಯಲ್ಲೇ ಕೊಡುವ ಆಸೆ ಇತ್ತು. ಕಪ್ಪು ಕಿಟಕಿಯ ಅಕ್ಷರ ಸಂಕೇತ ಬದಲಿಸುವ ಸಿಎಚ್‌ಸಿಪಿ 65001 ಹಾಕಿ, ಫೈಲನ್ನು ಕನ್ನಡವೂ ಹಿಡಿಸುವ ಯೂಟಿಎಫ್-8 ರಲ್ಲಿ ಉಳಿಸಿ ಪ್ರಯತ್ನಿಸಿದೆ. ಆ ಹಳೇ ಕಪ್ಪು ಕಿಟಕಿಯಲ್ಲಿ ಒತ್ತಕ್ಷರಗಳು ಒಂದೊಂದು ಒಂದೊಂದು ದಿಕ್ಕಿಗೆ. ಓದುವವರಿಗೆ ಹಿಂಸೆ. ಬಿಟ್ಟೆ.

ಕೊನೆಗೆ /ಎಂಐಆರ್ ವಿಷಯ. ಅದನ್ನು ಕಿತ್ತುಹಾಕಿ /ಇ ಹಾಕಿದೆ. ಈಗ ಹೊಸದು ಸೇರುತ್ತದೆ, ಹಳೆಯದು ಅಳಿಯುವುದಿಲ್ಲ. ಡಿಸ್ಕು ತುಂಬಿದರೆ ತುಂಬಲಿ, ಆಗ ನಾನೇ ಬಂದು ಕೈಯಿಂದ ತೆಗೆಯುತ್ತೇನೆ. ಆಯ್ಕೆ ಓದುವುದು ಎಷ್ಟೇ ಬಿಗಿಯಾದರೂ, ಅಳಿಸುವ ಕೆಲಸ ದಿನಾ ಓಡುವ ಸ್ಕ್ರಿಪ್ಟಿನಲ್ಲಿ ಇರುವುದು ನನಗಿನ್ನು ಬೇಡ. ಇನ್ನೊಂದು ಬೀಗವೂ ಇದೆ. ಡಿಸ್ಕಿನ ಬುಡದಲ್ಲಿ "ತೋಟ" ಅನ್ನುವ ಖಾಲಿ ಫೈಲ್ ಇಟ್ಟಿದ್ದೇನೆ. ಅದು ಕಾಣದಿದ್ದರೆ ಸ್ಕ್ರಿಪ್ಟು ಕಾಪಿಗೆ ಕೈಹಾಕುವುದಿಲ್ಲ. ಇವತ್ತು ಇ ಡ್ರೈವ್ ಆಗಿದ್ದದ್ದು ನಾಳೆ ಎಫ್ ಆಗುತ್ತದೆ, ಇ ಜಾಗದಲ್ಲಿ ಚಿಕ್ಕಪ್ಪನ ಮದುವೆ ಫೋಟೋ ಪೆನ್‌ಡ್ರೈವ್ ಕೂತಿರುತ್ತದೆ.

ಮಳೆ ಲೆಕ್ಕ ಕಮ್ಮಿ ಬಂದದ್ದು

ಇಷ್ಟಾದ ಮೇಲೆ ರೈಟ್ರಿಗೆ ಧೈರ್ಯ ಬಂತು. ಮಳೆಯನ್ನೂ ಇದರಲ್ಲೇ ಹಾಕುವ ಹಾಗೆ ಮಾಡಿ ಅಂದರು. ಬೆಳಗ್ಗೆ ಅಳತೆ ನೋಡಿ ಬಂದು /ಮಳೆ 135 ಅಂತ ಹೊಡೆದರೆ ಅದು ಒಂದು ಪಠ್ಯ ಫೈಲಿಗೆ ಸೇರಬೇಕು. /ಒಟ್ಟು ಅಂದರೆ ಕೂಡಿಸಿ ಹೇಳಬೇಕು.

ಇದು ಬ್ಯಾಚ್‌ಗೆ ಹೇಳಿ ಮಾಡಿಸಿದ ಕೆಲಸ. ಸೆಟ್ /ಎ ಲೆಕ್ಕ ಮಾಡುತ್ತದೆ, ಆದರೆ ಪೂರ್ಣ ಸಂಖ್ಯೆ ಮಾತ್ರ, ದಶಮಾಂಶ ಗೊತ್ತಿಲ್ಲ. ಮಿಲಿಮೀಟರಿನಲ್ಲಿ 34.3 ಅಂತ ಬರೆಯುವವರಾಗಿದ್ದರೆ ಪೇಚಾಟ. ನಮ್ಮ ತೋಟದವರು ಮಳೆ ಅಳೆಯುವುದು ಇಂಚು, ಸೆಂಟ್ಸ್ ಲೆಕ್ಕದಲ್ಲಿ. ಇಂಚಿಗೆ 100 ಸೆಂಟ್ಸ್. ಒಂದು ಇಂಚು 35 ಸೆಂಟ್ಸ್ ಅಂದರೆ 135. ಚುಕ್ಕಿಯ ಹಂಗೇ ಇಲ್ಲ.

ಜುಲೈಯಲ್ಲಿ ಒಂದು ದಿನ ರೈಟ್ರು ಪುಸ್ತಕ ಹಿಡಿದುಕೊಂಡು ಫೋನ್ ಮಾಡಿದರು. "ತಮ್ಮಾ, ನಿಮ್ಮ ಕಂಪ್ಯೂಟರು ಮಳೆ ಕದೀತದೆ." ಐದು ದಿನದ್ದು ಓದಿ ಹೇಳಿದರು: 135, 062, 210, 045, 118. ಪುಸ್ತಕದ ಒಟ್ಟು 570, ಅಂದರೆ 5 ಇಂಚು 70 ಸೆಂಟ್ಸ್. ಕಂಪ್ಯೂಟರಿನದು 550. ಇಪ್ಪತ್ತು ಸೆಂಟ್ಸ್ ಎಲ್ಲಿ ಹೋಯಿತು?

ಸೊನ್ನೆಯಲ್ಲಿ. ಪುಸ್ತಕದಲ್ಲಿ ಮೂರು ಮನೆ ಇರುತ್ತವೆ, ಒಂದಿಂಚಿಗಿಂತ ಕಮ್ಮಿಯಾದರೆ ಅವರು ಮುಂದೆ ಸೊನ್ನೆ ಹಾಕುತ್ತಾರೆ. ಅದೇ ಅಭ್ಯಾಸದಲ್ಲಿ ಕಂಪ್ಯೂಟರಿಗೂ ಹಾಕಿದ್ದಾರೆ. ಸೆಟ್ /ಎ ಮಟ್ಟಿಗೆ ಮುಂದೆ ಸೊನ್ನೆ ಇರುವ ಸಂಖ್ಯೆ ಎಂಟರ ಲೆಕ್ಕದ್ದು. 062 ಅಂದರೆ ಆರು ಎಂಟಲಿ 48, ಮೇಲೆ 2, ಒಟ್ಟು 50. 045 ಅಂದರೆ 37. ಅಲ್ಲಿ 12, ಇಲ್ಲಿ 8, ಸರಿಯಾಗಿ ಇಪ್ಪತ್ತು. ಯಾವ ದೂರೂ ಇಲ್ಲ, ಎಚ್ಚರಿಕೆಯೂ ಇಲ್ಲ. 089 ಅಂತ ಬಂದಿದ್ದರೆ ಒಂಬತ್ತು ಎಂಟರ ಲೆಕ್ಕದಲ್ಲಿ ಇಲ್ಲವಲ್ಲ, ಇನ್‌ವ್ಯಾಲಿಡ್ ನಂಬರ್ ಅಂತ ಕೂಗುತ್ತಿತ್ತು, ಮೊದಲ ವಾರವೇ ಸಿಕ್ಕಿಬೀಳುತ್ತಿತ್ತು. ಆ ವಾರ ಅಂಥ ಮಳೆ ಬೀಳಲಿಲ್ಲ.

ರಿಪೇರಿ ಮೂರು ಸಾಲು:

ಸೆಟ್ "ಮ=0000%ಮ%"
ಸೆಟ್ "ಮ=%ಮ:~-4%"
ಸೆಟ್ /ಎ ಮ=1%ಮ%-10000

ಮುಂದೆ ಸೊನ್ನೆಗಳನ್ನು ಅಂಟಿಸು, ಕೊನೆಯ ನಾಲ್ಕಂಕಿ ಇಟ್ಟುಕೋ, ಮುಂದೆ 1 ಸೇರಿಸಿ 10000 ಕಳೆ. 062 ಮೊದಲು 0062 ಆಗಿ, ಆಮೇಲೆ 10062 ಆಗಿ, ಕಳೆದ ಮೇಲೆ 62 ಉಳಿಯುತ್ತದೆ. ಮುಂದಿನ ಅಂಕಿ ಸೊನ್ನೆ ಅಲ್ಲದ್ದರಿಂದ ಎಂಟರ ಲೆಕ್ಕಕ್ಕೆ ಹೋಗುವುದಿಲ್ಲ. ಮೂರಂಕಿಗೇ ನಿಲ್ಲಿಸಬಹುದಿತ್ತು. ಆದರೆ ಒಂದೇ ದಿನ ಹತ್ತು ಇಂಚು ದಾಟಿದರೆ 1000ದ ಮೇಲೆ ಹೋಗುತ್ತದೆ, ಆಗ ಮುಂದಿನ 1 ಕತ್ತರಿಸಿಹೋಗುತ್ತದೆ. 2018ರ ಆಗಸ್ಟ್ ಕಂಡವರು ಕೊಡಗಿನಲ್ಲಿ ಅಷ್ಟು ಮಳೆ ಬರಲ್ಲ ಅಂತ ಸ್ಕ್ರಿಪ್ಟ್ ಬರೆಯಲ್ಲ.

ಬೆಲೆ ಒಳಗೆ ಬರುವ ಬಾಗಿಲಲ್ಲೂ ಒಂದು ತಪಾಸಣೆ: ಅಂಕಿ ಬಿಟ್ಟು ಬೇರೆ ಏನಾದರೂ ಇದ್ದರೆ, ಅಥವಾ ನಾಲ್ಕಂಕಿಗಿಂತ ಉದ್ದ ಇದ್ದರೆ, ತಪ್ಪು. ಯಾರಾದರೂ 1.35 ಅಂತ ಹೊಡೆದರೆ ಚುಕ್ಕಿ ಕಿತ್ತು 135 ಮಾಡಿಕೊಳ್ಳೋಣವೇ ಅಂತ ಒಂದು ಕ್ಷಣ ಯೋಚಿಸಿದೆ. ಆದರೆ 1.5 ಅಂತ ಬಂದರೆ? ಒಂದೂವರೆ ಇಂಚು ಹೋಗಿ 15 ಸೆಂಟ್ಸ್ ಆಗುತ್ತದೆ. ಬೇಡ. ಚುಕ್ಕಿ ಇದ್ದರೆ ನಿಲ್ಲಲಿ, ರೈಟ್ರೇ ಮತ್ತೆ ಹೊಡೆಯಲಿ.

ಹಳೇ ಸಾಲುಗಳನ್ನು ಪುಸ್ತಕದ ಜೊತೆ ತಾಳೆ ನೋಡಿ ಮತ್ತೆ ಕೂಡಿಸಿದೆವು. ಈಗ ಎರಡೂ ಒಂದೇ. ಆದರೂ ರೈಟ್ರು ಪುಸ್ತಕದಲ್ಲಿ ಬರೆಯುವುದನ್ನು ನಿಲ್ಲಿಸಿಲ್ಲ, ನಾನೂ ನಿಲ್ಲಿಸಿ ಅಂದಿಲ್ಲ.

ಉಳಿದಿರುವುದು ಒಂದು. ಫೋಲ್ಡರಿನ ಹೆಸರಿನಲ್ಲಿ & ಗುರುತಿದ್ದು ಉದ್ಧರಣ ಚಿಹ್ನೆ ಹಾಕದೆ ಹೊಡೆದರೆ ಈಗಲೂ ಕೆಡುತ್ತದೆ, ಯಾಕೆಂದರೆ ಸ್ಕ್ರಿಪ್ಟಿಗೆ ಬರುವ ಮೊದಲೇ ಕಪ್ಪು ಕಿಟಕಿ ಅದನ್ನು ಎರಡು ಕಮಾಂಡ್ ಅಂತ ಕತ್ತರಿಸಿರುತ್ತದೆ. ಒಳಗಿನಿಂದ ಇದಕ್ಕೆ ಏನೂ ಮಾಡಲಾಗದು. ಫೋಲ್ಡರಿನ ಹೆಸರನ್ನೇ "ಕಾಫಿ ಮತ್ತು ಮೆಣಸು" ಅಂತ ಬದಲಿಸಿ ಅಂದೆ. ಮಧ್ಯೆ ಖಾಲಿ ಜಾಗ ಇದೆಯಲ್ಲ, ಅದಕ್ಕೂ ಚಿಹ್ನೆ ಬೇಕಲ್ವಾ ಅಂತ ರೈಟ್ರು ಕೇಳಿದರು. ಹೌದು, ಬೇಕು. ಈಗ ಅದರ ಹೆಸರು "ಕಾಫಿಮೆಣಸು".